ಕುಮಾಸಿಯ ಚರ್ಚ್ ನೋಡೋಕೆ ಹೊರಟಿದ್ದೀರಾ? ಅಕ್ರೊಪಾಂಗ್‌ನಿಂದ ಶುರು ಮಾಡಿ

ಘಾನಾಗೆ ಹೋಗ್ತೀನಿ ಅಂದಾಗ ಮನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಅಲ್ಲೇನಿದೆ? ಅಜ್ಜ ಇದ್ದಿದ್ದರೆ ಬಹುಶಃ ಕೇಳುತ್ತಿರಲಿಲ್ಲ. ಅವರು ಮಂಗಳೂರಿನ ಜೆಪ್ಪುವಿನ ಕಾಮನ್‌ವೆಲ್ತ್ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಅದಕ್ಕೂ ಮುಂಚೆ ಅದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕಾರ್ಖಾನೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಮಿಷನ್ನಿನ ವ್ಯಾಪಾರವನ್ನು ಕಿತ್ತುಕೊಂಡರು. ಆಮೇಲೆ ಅದು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು. ಗೋಲ್ಡ್ ಕೋಸ್ಟಿನ, ಅಂದರೆ ಇವತ್ತಿನ ಘಾನಾದ, ಬಾಸೆಲ್ ಅಂಗಡಿಗಳೂ ಹೋಗಿದ್ದು ಅದೇ ಟ್ರಸ್ಟಿಗೆ. ಒಂದೇ ಮನೆಯ ಎರಡು ಕವಲು ಅಂತ ಇಟ್ಟುಕೊಳ್ಳಿ. ನಮ್ಮ ಕವಲು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಅವರದ್ದು ನಮಗಿಂತ ಆರು ವರ್ಷ ದೊಡ್ಡದು, 1828.

ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ಘಾನಾದ ಒಳನಾಡಿನ ಕುಮಾಸಿ ಊರಿನವನು, ಅಸಾಂಟೆ ಜನಾಂಗದವನು. ಊಟದ ಹೊತ್ತಲ್ಲಿ ಒಮ್ಮೆ "ನಮ್ಮದು ಪ್ರೆಸ್ಬಿ ಮನೆ, ಮೊದಲು ಬಾಸೆಲ್ ಮಿಷನ್" ಅಂದ. ನಾನು "ನಮ್ಮದೂ!" ಅಂದೆ. ಈ ಪ್ರವಾಸ ಹುಟ್ಟಿದ್ದು ಅಲ್ಲಿ. ನಾವು ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಅವರು ಪ್ರೆಸ್ಬಿಟೇರಿಯನ್. ಅಷ್ಟೇ ವ್ಯತ್ಯಾಸ ಅಂತ ಅಂದುಕೊಂಡು ಹೊರಟೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಸಾಂಟೆ ನಾಡಿನ ಪ್ರೆಸ್ಬಿಟೇರಿಯನ್ ಸಭೆ, ಅಂದರೆ ಚರ್ಚಿನ ಸಮುದಾಯ, ಹೇಗೆ ಬೆಳೆಯಿತು ಅಂತ ನೋಡುವುದಕ್ಕೆ ನೇರ ಕುಮಾಸಿಗೆ ಹೋಗಿ ಇಳಿಯಬೇಡಿ. ಅಲ್ಲಿ ಕಾಣುವುದು ಕಥೆಯ ಕೊನೆಯ ಭಾಗ. ಮಿಷನ್ ಅಕ್ರಾದ ಕಡಲ ದಂಡೆಯಿಂದ ಕುಮಾಸಿ ಮುಟ್ಟುವುದಕ್ಕೆ 68 ವರ್ಷ ತೆಗೆದುಕೊಂಡಿತು. ಅದೇ ದಾರಿಯಲ್ಲಿ ನಿಧಾನಕ್ಕೆ ಹತ್ತಿ ಹೋದರೆ ಯಾಕೆ ಅಷ್ಟು ತಡವಾಯಿತು ಅಂತ ಕಾಲಿಗೇ ಗೊತ್ತಾಗುತ್ತದೆ. ಅಕ್ರಾ, ಅಕ್ರೊಪಾಂಗ್, ಅಬೆಟಿಫಿ, ಕುಮಾಸಿ, ಆಗೊಗೊ. ನನಗೆ ಒಟ್ಟು ಒಂಬತ್ತು ದಿನ ಹಿಡಿಯಿತು.

ಹೊರಡುವ ಮುಂಚಿನ ಕೆಲಸ. ಯೆಲ್ಲೋ ಫೀವರ್ ಲಸಿಕೆ ಇಲ್ಲದೆ ಘಾನಾ ಒಳಗೆ ಬಿಡುವುದಿಲ್ಲ. ಹೊರಡುವುದಕ್ಕೆ ಕಡೇ ಪಕ್ಷ ಹತ್ತು ದಿನ ಮುಂಚೆ ಹಾಕಿಸಿಕೊಂಡಿರಬೇಕು. ಈ ಲಸಿಕೆ ಎಲ್ಲ ಕ್ಲಿನಿಕ್ಕಿನಲ್ಲೂ ಸಿಗಲ್ಲ, ಸರ್ಕಾರ ಒಪ್ಪಿದ ಕೆಲವೇ ಕೇಂದ್ರಗಳಿವೆ. ಟಿಕೆಟ್ ಬುಕ್ ಮಾಡಿದ ವಾರವೇ ದಿನ ಗೊತ್ತು ಮಾಡಿಕೊಳ್ಳಿ. ನಾನು ಕೊನೆಗೆ ಇಟ್ಟುಕೊಂಡು, ಫೋನ್ ಮಾಡಿ ಮಾಡಿ ಸಾಕಾಗಿ, ಹೊರಡುವುದಕ್ಕೆ ಹನ್ನೊಂದು ದಿನ ಇರುವಾಗ ಹೇಗೋ ಗಿಟ್ಟಿಸಿದೆ. ಆ ಹಳದಿ ಕಾರ್ಡನ್ನು ಪಾಸ್‌ಪೋರ್ಟ್ ಒಳಗೇ ಇಡಿ. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು. ಮಲೇರಿಯಾ ಮಾತ್ರೆಯ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ, ಸೊಳ್ಳೆಗೆ ಹಚ್ಚುವ ಕ್ರೀಮ್ ತಪ್ಪದೆ ಒಯ್ಯಿರಿ. ವಿಮಾನ ನಾನು ಅಡಿಸ್ ಅಬಾಬಾ ಮೂಲಕ ಹಿಡಿದೆ. ದುಬೈ ಮೂಲಕವೂ ಹೋಗಬಹುದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಹಾರಾ ಕಡೆಯಿಂದ ಹರ್ಮಟಾನ್ ಗಾಳಿ ಬೀಸಿ ಎಲ್ಲ ಕಡೆ ಧೂಳು ಮುಸುಕಿರುತ್ತದೆ. ಏಪ್ರಿಲ್‌ನಿಂದ ಜೂನ್ ದೊಡ್ಡ ಮಳೆ. ಜುಲೈ ಕೊನೆ, ಆಗಸ್ಟ್ ತಂಪಾಗಿರುತ್ತದೆ. ನಾನು ಹೋಗಿದ್ದು ಆಗ.

ಅಕ್ರಾದಲ್ಲಿ ಒಂದು ದಿನ ಸಾಕು. ಓಸು ಬಡಾವಣೆಗೆ ಹೋಗಿ. ಡೇನರು ಕಟ್ಟಿದ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆ ಅಲ್ಲಿದೆ. 1828ರ ಡಿಸೆಂಬರ್‌ನಲ್ಲಿ ಬಾಸೆಲ್‌ನ ಮೊದಲ ನಾಲ್ವರು ಇಳಿದಿದ್ದು ಅಲ್ಲೇ. ಎಂಟೇ ತಿಂಗಳಲ್ಲಿ ಮೂವರು ಸತ್ತರು. ನಾಲ್ಕನೆಯವನೂ 1831ರಲ್ಲಿ ಹೋದ. 1832ರಲ್ಲಿ ಮತ್ತೆ ಮೂವರು ಬಂದರು. ಅವರಲ್ಲಿ ಉಳಿದವನು ಆಂಡ್ರಿಯಾಸ್ ರೀಸ್ ಒಬ್ಬನೇ. ಅವನ ಜೀವ ಉಳಿಸಿದ್ದು ಊರಿನ ನಾಟಿ ವೈದ್ಯ. ಮುಂದಿನದ್ದೆಲ್ಲ ನಡೆದಿದ್ದು ಆ ಬೇರು-ಸೊಪ್ಪಿನ ಔಷಧಿಯಿಂದ. ಈ ಸಭೆಯ ಚರಿತ್ರೆ ಬರೆಯುವವರು ಆ ವೈದ್ಯನಿಗೆ ಒಂದು ಪುಟವಾದರೂ ಕೊಡಬೇಕು ಅಂತ ನನ್ನ ಅನಿಸಿಕೆ.

ಕಡಲ ದಂಡೆಯ ಜ್ವರಕ್ಕೆ ಹೆದರಿ ರೀಸ್ 1835ರಲ್ಲಿ ಗುಡ್ಡ ಹತ್ತಿ ಅಕ್ರೊಪಾಂಗ್ ಸೇರಿದ. ನೀವೂ ಹತ್ತಿ. ಅಕ್ರಾದಿಂದ ಐವತ್ತು ಕಿಲೋಮೀಟರ್ ಚಿಲ್ಲರೆ, ಅಬುರಿ ದಾಟಿ ಹೋಗಬೇಕು. ಟ್ರೋಟ್ರೋ ಹಿಡಿಯಿರಿ. ನಮ್ಮ ಕರಾವಳಿಯ ಸರ್ವಿಸ್ ವ್ಯಾನ್ ಇದ್ದ ಹಾಗೆ: ತುಂಬಿದ ಮೇಲೇ ಹೊರಡುವುದು, ಬಾಗಿಲಲ್ಲಿ ಮೇಟ್ ಊರ ಹೆಸರು ಕೂಗುತ್ತಿರುತ್ತಾನೆ. ಚಿಲ್ಲರೆ ಇಟ್ಟುಕೊಳ್ಳಿ. ದುಡ್ಡನ್ನು ಬಲಗೈಯಲ್ಲೇ ಕೊಡಿ. ಎಡಗೈ ಚಾಚಿದರೆ ಅಲ್ಲಿಯವರಿಗೂ ಸಿಟ್ಟು ಬರುತ್ತದೆ. ಆ ವಿಷಯದಲ್ಲಿ ಅವರು ಪೂರ್ತಿ ನಮ್ಮವರೇ.

ದಾರಿಯಲ್ಲಿ ಮಾಂಪಾಂಗ್‌ನಲ್ಲಿ ಇಳಿದು ಟೆಟ್ಟೆ ಕ್ವಾರ್ಶಿಯ ಕೋಕೋ ತೋಟ ನೋಡಿ. ಇವನು ಬಾಸೆಲ್ ಮಿಷನ್ನಿನ ಕಮ್ಮಾರಶಾಲೆಯಲ್ಲಿ ಕೆಲಸ ಕಲಿತವನು. 1870ರ ದಶಕದಲ್ಲಿ ಫರ್ನಾಂಡೊ ಪೋ ದ್ವೀಪದಿಂದ ಕೋಕೋ ಬೀಜ ತಂದು ಇಲ್ಲಿ ಹಾಕಿದ. ಚರ್ಚ್ ನೋಡೋಕೆ ಬಂದವರಿಗೆ ಕೋಕೋ ಯಾಕೆ ಅಂತೀರಾ? ಆಮೇಲೆ ಅಸಾಂಟೆಯ ಹಳ್ಳಿಗಳಲ್ಲಿ ಶಾಲೆ, ಚರ್ಚ್ ಎದ್ದಿದ್ದರ ಹಿಂದೆ ಕೋಕೋ ದುಡ್ಡಿದೆ. ನಮ್ಮಲ್ಲಿ ಅಡಿಕೆಗೆ ಬೆಲೆ ಬಂದ ವರ್ಷ ಊರ ದೇವಸ್ಥಾನಕ್ಕೆ ಹೊಸ ಗೋಪುರ ಬರುವುದಿಲ್ವಾ, ಹಾಗೆ.

ಅಕ್ರೊಪಾಂಗ್ ನನಗೆ ತುಂಬಾ ಹಿಡಿಸಿತು. ಒಂದೇ ಉದ್ದ ಬೀದಿ, ಎರಡೂ ಕಡೆ ಇಳಿಜಾರು, ಸಂಜೆಗೆ ಮಂಜು. ಮಡಿಕೇರಿಯ ತಮ್ಮ ಅನ್ನಬಹುದು. ಊರಿನ ದೊರೆ ಅಡ್ಡೊ ಡಾಂಕ್ವಾ ರೀಸ್‌ಗೆ ಒಂದು ಮಾತು ಹೇಳಿದನಂತೆ: ನಿಮ್ಮ ಪುಸ್ತಕ ಓದಬಲ್ಲ ಕರಿಯ ಜನರನ್ನು ತೋರಿಸು, ಆಮೇಲೆ ನೋಡೋಣ. ಅದಕ್ಕೇ 1843ರಲ್ಲಿ ಜಮೈಕಾ, ಆಂಟಿಗುವಾ ಕಡೆಯಿಂದ ಎರಡು ಡಜನ್‌ನಷ್ಟು ಕಪ್ಪು ಕ್ರೈಸ್ತರನ್ನು ಕರೆತಂದರು. ಮಾವು, ಬೆಣ್ಣೆಹಣ್ಣಿನ ಗಿಡ ತಂದಿದ್ದೂ ಅವರೇ ಅಂತ ಊರವರು ಹೇಳುತ್ತಾರೆ. ಸಭೆ ಬೇರು ಬಿಟ್ಟಿದ್ದು ಅವರಿಂದ. ಮುಂದೆ 1918ರಲ್ಲಿ ಸಭೆ ತನ್ನ ಕಾಲ ಮೇಲೆ ನಿಂತಾಗ ಮೊದಲ ಮಾಡರೇಟರ್, ಅಂದರೆ ಮುಖ್ಯಸ್ಥ, ಆದ ಪೀಟರ್ ಹಾಲ್ ಆ ಜಮೈಕಾದವರ ಮಗನೇ. ಸಿನಡ್ ಕ್ಲರ್ಕ್, ಅಂದರೆ ಸಭೆಯ ಕಾರ್ಯದರ್ಶಿ, ಆದ ನಿಕೊಲಾಸ್ ಟಿಮೊಥಿ ಕ್ಲರ್ಕ್ ಕೂಡ.

1848ರಲ್ಲಿ ಶುರುವಾದ ಟ್ರೈನಿಂಗ್ ಕಾಲೇಜು ಈಗಲೂ ನಡೆಯುತ್ತಿದೆ. ಉಪದೇಶಿಗಳು, ಮೇಷ್ಟ್ರುಗಳು ತಯಾರಾಗಿ ಒಳನಾಡಿಗೆ ಹೋಗಿದ್ದು ಇಲ್ಲಿಂದ. ಪಕ್ಕದಲ್ಲೇ ಅಕ್ರೊಫಿ-ಕ್ರಿಸ್ಟಾಲರ್ ಸಂಸ್ಥೆ ಇದೆ. ಕ್ರಿಸ್ಟಾಲರ್ ಅಂದರೆ ಅವರ ಕಿಟ್ಟೆಲ್. 1871ರಲ್ಲಿ ಟ್ವಿ ಭಾಷೆಯ ಬೈಬಲ್, 1879ರಲ್ಲಿ 3,600 ಗಾದೆಗಳ ಸಂಗ್ರಹ, 1881ರಲ್ಲಿ ನಿಘಂಟು. ನಮ್ಮ ಕಿಟ್ಟೆಲ್ ನಿಘಂಟು ಬಂದಿದ್ದು 1894. "ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಇಂಥದ್ದೇ ಒಬ್ಬ ಜರ್ಮನ್ ಮನುಷ್ಯನ ಪ್ರತಿಮೆ ಇದೆ" ಅಂತ ಅಲ್ಲಿ ಸಿಕ್ಕ ವಿದ್ಯಾರ್ಥಿಯೊಬ್ಬನಿಗೆ ಹೇಳಿದೆ. ಅವನು ನಕ್ಕು, "ಡಿಕ್ಷನರಿ ಬರೆಯೋದು ಬಾಸೆಲ್‌ನವರ ರೋಗ" ಅಂದ.

ಅಕ್ರೊಪಾಂಗ್‌ನಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ಕೊಫೊರಿಡುವಾಗೆ ಬಂದು ಗಾಡಿ ಬದಲಿಸಿ ನ್ಕಾವ್ಕಾವ್ ಸೇರಿ. ಅಲ್ಲಿಂದ ಕ್ವಾಹು ಘಟ್ಟ. ತಿರುವುಗಳು ಚಾರ್ಮಾಡಿಯನ್ನು ನೆನಪಿಸುತ್ತವೆ. ವಾಂತಿಯಾಗುವವರು ಮುಂದಿನ ಸೀಟು ಹಿಡಿಯಿರಿ. ಮೇಲೆ ಅಬೆಟಿಫಿ. ಈಸ್ಟರ್ ವಾರದಲ್ಲಿ ಮಾತ್ರ ಬೇಡ. ಆಗ ದೇಶದ ಅರ್ಧ ಜನ ಕ್ವಾಹುವಿಗೆ ಹಬ್ಬಕ್ಕೆ ಬರುತ್ತಾರೆ, ರೂಮು ಸಿಗಲ್ಲ, ಸಿಕ್ಕರೂ ದುಡ್ಡು ಸುಲಿಯುತ್ತಾರೆ.

ಅಬೆಟಿಫಿ ಯಾಕೆ ಮುಖ್ಯ ಅಂದರೆ ಫ್ರಿಟ್ಜ್ ರಾಮ್ಸೈಯರ್. ಇವನ ಕಥೆ ಗೊತ್ತಿಲ್ಲದೆ ಕುಮಾಸಿಗೆ ಹೋದರೆ ಅಲ್ಲಿಯ ಚರ್ಚ್ ಬರೀ ಕಟ್ಟಡ. ರಾಮ್ಸೈಯರ್ ಸ್ವಿಸ್ ಮಿಷನರಿ. 1869ರ ಜೂನ್‌ನಲ್ಲಿ ವೋಲ್ಟಾ ನದಿಯಾಚೆ ಆನುಮ್ ಎಂಬ ಊರಲ್ಲಿದ್ದಾಗ ಅಸಾಂಟೆ ಸೈನ್ಯ ಬಂದು ಹಿಡಿಯಿತು. ಅವನು, ಹೆಂಡತಿ ರೋಸ್, ಹಸುಗೂಸು, ಜೊತೆಗೆ ಯೊಹಾನೆಸ್ ಕ್ಯೂನೆ. ಕಾಡಿನ ದಾರಿಯಲ್ಲಿ ನಡೆಸಿಕೊಂಡು ಹೋದರು. ಮಗು ಆ ದಾರಿಯಲ್ಲೇ ತೀರಿಕೊಂಡಿತು. ಕುಮಾಸಿಯಲ್ಲಿ ಅಸಾಂಟೆಹೆನೆ, ಅಂದರೆ ರಾಜ, ಕೋಫಿ ಕರಿಕರಿಯ ಕೈದಿಗಳಾಗಿ ನಾಲ್ಕೂವರೆ ವರ್ಷ. ಅಲ್ಲೇ ಅವರಿಗೊಂದು ಹೆಣ್ಣು ಮಗು ಹುಟ್ಟಿತು. 1874ರ ಜನವರಿಯಲ್ಲಿ ಬ್ರಿಟಿಷ್ ಸೈನ್ಯ ಹತ್ತಿರ ಬಂದಾಗ ರಾಜ ಬಿಟ್ಟು ಕಳಿಸಿದ. ಮುಂದಿನ ತಿಂಗಳು ಬ್ರಿಟಿಷರು ಕುಮಾಸಿಗೆ ಬೆಂಕಿ ಇಟ್ಟರು.

ಬೇರೆ ಯಾರಾದರೂ ಆಗಿದ್ದರೆ ಊರಿಗೆ ಹೋಗಿ ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಇವನು ಎರಡೇ ವರ್ಷದಲ್ಲಿ ಅಬೆಟಿಫಿಗೆ ಬಂದು ಮನೆ ಕಟ್ಟಿದ. ಅಸಾಂಟೆಯ ಹೊಸ್ತಿಲಲ್ಲಿ ಕೂತು ಇಪ್ಪತ್ತು ವರ್ಷ ಕಾದ.

ಆ ಮನೆ ಈಗಲೂ ಇದೆ. ದಪ್ಪ ಗೋಡೆ, ಸುತ್ತ ಜಗಲಿ. ಮಂಗಳೂರಿನ ಬಲ್ಮಠದ ಹಳೇ ಮಿಷನ್ ಕಟ್ಟಡ ನೋಡಿದವರಿಗೆ ಯಾರು ಕಟ್ಟಿದ್ದು ಅಂತ ಹೇಳಬೇಕಿಲ್ಲ. ಆದರೆ ನಾನು ಒಳಗೆ ಹೋಗಲಿಲ್ಲ. ಹೋಗಿದ್ದು ಶನಿವಾರ, ಕೀಲಿ ಇಟ್ಟುಕೊಂಡವರು ಶವಸಂಸ್ಕಾರಕ್ಕೆ ಹೋಗಿದ್ದರು. ಘಾನಾದಲ್ಲಿ ಶನಿವಾರ ಅಂದರೆ ಶವಸಂಸ್ಕಾರದ ದಿನ. ಊರಿಗೆ ಊರೇ ಕಪ್ಪು-ಕೆಂಪು ಉಟ್ಟು ಶಾಮಿಯಾನದ ಕೆಳಗೆ ಕೂತಿರುತ್ತದೆ. ಎರಡು ಗಂಟೆ ಜಗಲಿ ಮೇಲೆ ಕೂತು, ಕಿಟಕಿಯಲ್ಲಿ ಇಣುಕಿ ಎದ್ದು ಬಂದೆ. ನೀವು ವಾರದ ನಡುವೆ ಹೋಗಿ. ಮೊದಲು ಸಭೆಯ ಆಫೀಸಿನಲ್ಲಿ ಪಾಸ್ಟರನ್ನು ಕಂಡು ನಮಸ್ಕಾರ ಹೇಳಿ. ಅವರನ್ನು 'ಒಸೊಫೊ' ಅನ್ನುತ್ತಾರೆ. ಹಾಗೆ ಕೇಳಿಕೊಂಡು ಹೋದರೆ ಕೀಲಿ ತಾನಾಗೇ ಬರುತ್ತದೆ.

ಸಂಜೆ ಕುಮಾಸಿ. ಅಲ್ಲಿಂದ ಇಲ್ಲಿಗೆ ನಕ್ಷೆ ಮೂರು ಗಂಟೆ ತೋರಿಸಿತು. ಶವಸಂಸ್ಕಾರ ಮುಗಿಸಿ ವಾಪಸಾಗುವ ಗಾಡಿಗಳ ಮಧ್ಯೆ ಸಿಕ್ಕಿ ಐದಾಯಿತು. ಗೆಳೆಯ ರಜೆಗೆ ಊರಿಗೆ ಬಂದಿದ್ದ, ಅವನ ಮನೆಯಲ್ಲೇ ಉಳಿದೆ. ಅವನ ತಾಯಿಯನ್ನು ಎಲ್ಲರೂ 'ಮಾಮೆ' ಅನ್ನುತ್ತಿದ್ದರು, ಅಮ್ಮ ಅಂತ ಅರ್ಥ. ನಾನೂ ಹಾಗೇ ಕರೆದೆ. ರಾತ್ರಿ ಫುಫು. ಬೇಯಿಸಿದ ಮರಗೆಣಸು, ಬಾಳೆಕಾಯಿ ಕುಟ್ಟಿ ಮಾಡಿದ ಮುದ್ದೆ, ಸುತ್ತ ತಿಳಿ ಸಾರು. ಅಗಿಯಬಾರದು, ನುಂಗಬೇಕು. ಮಂಡ್ಯದವರು ಮೊದಲ ತುತ್ತಿಗೇ ಪಾಸ್. ಸಸ್ಯಾಹಾರಿಗಳು 'ರೆಡ್ ರೆಡ್' ಕೇಳಿ. ಅಲಸಂದೆ ಕಾಳಿನ ಗೊಜ್ಜು, ಜೊತೆಗೆ ಕರಿದ ಬಾಳೆಹಣ್ಣು. ಆದರೆ ಮೀನು ಹಾಕಿದ್ದಾರಾ ಅಂತ ಕೇಳದೆ ತಿನ್ನಬೇಡಿ. ಒಂದು ಡಬ್ಬಿ ಚಟ್ನಿಪುಡಿ ಒಯ್ದರೆ ನೆಮ್ಮದಿ.

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿಟ್ಟಿದ್ದ ಕೆಂಪು ಶರ್ಟ್ ಹಾಕಿ ಹೊರಗೆ ಬಂದೆ. ಮಾಮೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಮಗನ ಹತ್ತಿರ ಏನೋ ಅಂದರು. ಅವನು ಬಿದ್ದು ಬಿದ್ದು ನಕ್ಕ. "ಯಾರು ತೀರಿಕೊಂಡರು ಅಂತ ಕೇಳ್ತಿದ್ದಾರೆ." ಅಸಾಂಟೆಯವರಲ್ಲಿ ಕೆಂಪು ಅಂದರೆ ಹತ್ತಿರದವರು ಸತ್ತ ದುಃಖ. ಅವನದೇ ಬಿಳಿ ಅಂಗಿ ಕೊಟ್ಟ, ಭುಜ ಒಂದು ಗೇಣು ಜೋಲುತ್ತಿತ್ತು. ಪೆಟ್ಟಿಗೆಯಲ್ಲಿ ಒಂದು ಬಿಳಿ ಬಟ್ಟೆ ಇಟ್ಟುಕೊಳ್ಳಿ.

ಅಡುಮ್ ಬಡಾವಣೆಯ ಚರ್ಚಿನ ಹೆಸರೇ ರಾಮ್ಸೈಯರ್ ಮೆಮೋರಿಯಲ್. ಊರಿನ ನಟ್ಟನಡುವೆ ಇದೆ. ಆರಾಧನೆ ಮೂರು ಗಂಟೆ ಹತ್ತಿರ ನಡೆಯಿತು. ನೀರು ಕುಡಿದು, ತಿಂಡಿ ತಿಂದು ಹೋಗಿ. ಮೊದಲ ಅರ್ಧ ಗಂಟೆ ನನಗೆ ಬಲ್ಮಠದ ಶಾಂತಿ ಕೆಥೆಡ್ರಲ್‌ನಲ್ಲೇ ಕೂತ ಹಾಗಿತ್ತು. ಆರ್ಗನ್, ಹಾಡಿನ ಪುಸ್ತಕ, ಎದ್ದು ನಿಂತು ಕೂರುವ ಕ್ರಮ. ಎರಡನೇ ಹಾಡಿನ ರಾಗ ಶುರುವಾದಾಗ ನನ್ನ ಬಾಯಲ್ಲಿ ಕನ್ನಡದ ಸಾಲು ತಾನಾಗೇ ಬಂತು. ಅದೇ ಜರ್ಮನ್ ರಾಗ. ಅಜ್ಜಿ ದೋಸೆ ಹೊಯ್ಯುತ್ತಾ ಗುನುಗುತ್ತಿದ್ದದ್ದು. ಪಕ್ಕದಲ್ಲಿ ಮಾಮೆ ಟ್ವಿಯಲ್ಲಿ, ನಾನು ಕನ್ನಡದಲ್ಲಿ. ಅವರು ಹಾಡು ನಿಲ್ಲಿಸದೆಯೇ ಕಣ್ಣಿನ ಕೊನೆಯಲ್ಲಿ ನೋಡಿ, ಪುಸ್ತಕವನ್ನು ನನ್ನ ಕಡೆ ಸ್ವಲ್ಪ ಸರಿಸಿದರು. ಅಂಚು ಸವೆದು ಮೆತ್ತಗಾದ ಪುಟ, ಮಧ್ಯೆ ಒತ್ತಿಟ್ಟ ಯಾರದ್ದೋ ಶವಸಂಸ್ಕಾರದ ಕಾರ್ಡು.

ಆಮೇಲೆ ಕಾಣಿಕೆ. ಅಲ್ಲಿ ಕಾಣಿಕೆ ಎತ್ತುವುದು ಹುಟ್ಟಿದ ವಾರದ ಲೆಕ್ಕದಲ್ಲಿ. ಭಾನುವಾರದವರು ಕ್ವಾಸಿ, ಅಕೊಸುವಾ. ಶುಕ್ರವಾರದವರು ಕೋಫಿ, ಆಫುವಾ. ಶನಿವಾರ ಕ್ವಾಮೆ, ಆಮಾ. ಒಂದೊಂದು ವಾರದವರು ಎದ್ದು ಡೋಲಿನ ತಾಳಕ್ಕೆ ಕುಣಿಯುತ್ತಾ, ಬಿಳಿ ಕರ್ಚೀಫು ಬೀಸುತ್ತಾ ಮುಂದೆ ಹೋಗುತ್ತಾರೆ. ಕೊನೆಗೆ ಯಾವ ವಾರದವರು ಜಾಸ್ತಿ ಕೊಟ್ಟರು ಅಂತ ಘೋಷಣೆ. ಗೆದ್ದವರು ಕೂಗಿ ಕಟ್ಟಡ ಹಾರಿಸುತ್ತಾರೆ. ನಾನು ಫೋನಿನಲ್ಲಿ ಹುಟ್ಟಿದ ತಾರೀಕು ಹಾಕಿ ನೋಡಿದೆ: ಗುರುವಾರ. ಹಾಗಾದರೆ ನನ್ನ ಹೆಸರು 'ಯಾವ್'. ಅಲ್ಲಿಂದಾಚೆ ಎಲ್ಲರೂ ಯಾವ್, ಯಾವ್ ಅಂತ ಕರೆದರೆ ನನಗೆ ಪ್ರತಿಸಲ "ಯಾವ್ದು?" ಅಂತ ಕೇಳುವ ಹಾಗಾಗುತ್ತಿತ್ತು. ಗುರುವಾರದವರು ಆ ದಿನ ಕೊನೆಯ ಸ್ಥಾನ. ಹೋಗುವ ಮುಂಚೆ ನಿಮ್ಮ ವಾರ ನೋಡಿಟ್ಟುಕೊಳ್ಳಿ, ಸಣ್ಣ ನೋಟುಗಳನ್ನೂ ಇಟ್ಟುಕೊಳ್ಳಿ. ಒಂದಕ್ಕಿಂತ ಹೆಚ್ಚು ಸಲ ಕಾಣಿಕೆ ಎತ್ತುತ್ತಾರೆ.

ಈ ಕುಣಿತ ಮೊದಲಿನಿಂದಲೂ ಇದ್ದದ್ದಲ್ಲ. ಬಾಸೆಲ್‌ನವರು ಬಹಳ ಬಿಗಿ ಜನ. ಕ್ರೈಸ್ತರಾದವರನ್ನು ಊರಿಂದ ಬೇರೆ ಮಾಡಿ 'ಸೇಲೆಮ್' ಅಂತ ಕೇರಿ ಕಟ್ಟಿ ಕೂರಿಸುತ್ತಿದ್ದರು. ಡೋಲು, ಕುಣಿತ ಎಲ್ಲ ಹೊರಗೆ. 'ಪ್ರೆಸ್ಬಿ ಶಿಸ್ತು' ಅನ್ನುವ ಮಾತು ಘಾನಾದಲ್ಲಿ ಈಗಲೂ ಇದೆ. ಕಾಲ ಕಳೆದಂತೆ ಹುಡುಗರು ಹಾಡು-ಕುಣಿತದ ಪೆಂತೆಕೋಸ್ತ್ ಚರ್ಚುಗಳ ಕಡೆ ಓಡತೊಡಗಿದರು. ಆಗ ಸಭೆಯ ಒಳಗೇ ಬೈಬಲ್ ಓದು, ಪ್ರಾರ್ಥನೆಯ ಗುಂಪುಗಳು ಹುಟ್ಟಿಕೊಂಡವು, ಚಪ್ಪಾಳೆ ಡೋಲು ಒಳಗೆ ಬಂತು. ಆರ್ಗನ್ ಮತ್ತು ಡೋಲು ಈಗ ಒಂದೇ ಸೂರಿನಡಿ ಇವೆ. ನನಗಂತೂ ಡೋಲಿನ ಅರ್ಧವೇ ಹೆಚ್ಚು ಹಿಡಿಸಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಾಮೆ ಹೇಳಿದ್ದೊಂದು ವಿಷಯ ನನಗೆ ಗೊತ್ತಿರಲಿಲ್ಲ. ಅವರು ಚಿಕ್ಕವರಿದ್ದಾಗ ಓದುತ್ತಿದ್ದ ಬೈಬಲ್ ಅಕ್ರೊಪಾಂಗ್ ಕಡೆಯ ಅಕುವಾಪೆಮ್ ಟ್ವಿಯದ್ದು. ಮನೆಯಲ್ಲಿ ಅಸಾಂಟೆ ಟ್ವಿ, ದೇವರ ಹತ್ತಿರ ಮಾತ್ರ ಅಕುವಾಪೆಮ್ ಟ್ವಿ. ಅಸಾಂಟೆ ಟ್ವಿಯ ಬೈಬಲ್ ಬಂದಿದ್ದು 1964ರಲ್ಲಿ. ಧಾರವಾಡದವರಿಗೆ ಮಂಗಳೂರು ಕನ್ನಡದಲ್ಲೇ ಪ್ರಾರ್ಥನೆ ಮಾಡಿ ಅಂದ ಹಾಗೆ. ಆದರೆ ಅದರಲ್ಲೇ ಇನ್ನೊಂದು ಸತ್ಯವೂ ಇದೆ. ಅಸಾಂಟೆಯ ಹಳ್ಳಿಹಳ್ಳಿಗೆ ಸಭೆಯನ್ನು ಹೊತ್ತು ತಂದವರು ಬಿಳಿಯರಿಗಿಂತ ಜಾಸ್ತಿ ಅಕುವಾಪೆಮ್, ಕ್ವಾಹು ಕಡೆಯ ಉಪದೇಶಿಗಳು. ಅವರ ಬಾಯಲ್ಲಿದ್ದ ಭಾಷೆಯೇ ಪುಸ್ತಕದ ಭಾಷೆಯಾಯಿತು.

ಮರುದಿನ ಕುಮಾಸಿ ಕೋಟೆ. ಈಗ ಅದು ಸೈನ್ಯದ ಮ್ಯೂಸಿಯಂ. ಗೈಡ್ ಇಲ್ಲದೆ ನೋಡಬೇಡಿ. 1896ರಲ್ಲಿ ಬ್ರಿಟಿಷರು ರಾಜ ಒಂದನೇ ಪ್ರೆಂಪೆಯನ್ನು ಹಿಡಿದು ಗಡಿಪಾರು ಮಾಡಿದರು. ಅದೇ ವರ್ಷ ರಾಮ್ಸೈಯರ್ ಕುಮಾಸಿಯಲ್ಲಿ ಮಿಷನ್ ತೆರೆದ. ಬಾಗಿಲು ತೆರೆದಿದ್ದು ಬಂದೂಕು ಅನ್ನುವುದನ್ನು ಮುಚ್ಚಿಡೋಕಾಗಲ್ಲ. ಜನ ಅದನ್ನು ಮರೆತಿರಲೂ ಇಲ್ಲ. 1900ರಲ್ಲಿ ಗವರ್ನರ್ ಹಾಡ್ಜ್‌ಸನ್ ಬಂಗಾರದ ಪೀಠ ತಂದುಕೊಡಿ ಅಂದ. ಅದು ಅಸಾಂಟೆಯವರ ಆತ್ಮವೇ ಇರುವ ಪೀಠ, ರಾಜನೂ ಅದರ ಮೇಲೆ ಕೂರುವುದಿಲ್ಲ. ಎಜಿಸು ಊರಿನ ರಾಣಿತಾಯಿ ಯಾ ಅಸಾಂಟೆವಾ ಯುದ್ಧಕ್ಕೆ ನಿಂತಳು. ನಮ್ಮ ಕಿತ್ತೂರು ಚೆನ್ನಮ್ಮನ ಹಾಗೆ ಅಲ್ಲಿ ಮಕ್ಕಳಿಗೂ ಗೊತ್ತಿರುವ ಹೆಸರು. ಸುತ್ತಲಿನ ಮಿಷನ್ ಠಾಣೆಗಳು ನೆಲಸಮವಾದವು. ರಾಮ್ಸೈಯರ್ ದಂಪತಿ ಈ ಕೋಟೆಯೊಳಗೆ ಸಿಕ್ಕಿಬಿದ್ದು, ಜೂನ್‌ನಲ್ಲಿ ಗವರ್ನರನ ಜೊತೆ ಮುತ್ತಿಗೆ ಸೀಳಿಕೊಂಡು ಓಡಿದರು. ಕೋಟೆಯ ಕತ್ತಲೆ ಕೋಣೆಯಲ್ಲಿ ಗೈಡ್ ಒಂದು ನಿಮಿಷ ಬಾಗಿಲು ಮುಚ್ಚಿ ತೋರಿಸಿದ. ಉಸಿರು ಕಟ್ಟುವವರು ಹೊರಗೇ ನಿಲ್ಲಿ.

ರಾಮ್ಸೈಯರ್ ಮತ್ತೆ ಬಂದ, ಮತ್ತೆ ಕಟ್ಟಿದ, 1908ರಲ್ಲಿ ಊರಿಗೆ ಮರಳಿದ. ಸಭೆ ನಿಜಕ್ಕೂ ಬೆಳೆದದ್ದು ಆಮೇಲೆ. 1903ರಲ್ಲಿ ರೈಲು ಕುಮಾಸಿಗೆ ಬಂದಿತ್ತು, ಕೋಕೋ ಬಂತು, ಶಾಲೆ ಬೇಕು ಅಂತ ಹಳ್ಳಿಗಳೇ ಕೇಳಿಕೊಂಡು ಬಂದವು. 1917ರಲ್ಲಿ ಬ್ರಿಟಿಷರು ಬಾಸೆಲ್‌ನವರನ್ನು ಜರ್ಮನರ ಕಡೆಯವರು ಅಂತ ದೇಶದಿಂದ ಹೊರಗೆ ಹಾಕಿದರು. ಬದಲಿಗೆ ಸ್ಕಾಟ್ಲೆಂಡಿನವರು ಬಂದರು. 'ಪ್ರೆಸ್ಬಿಟೇರಿಯನ್' ಹೆಸರು ಬಂದಿದ್ದು ಆ ಕಡೆಯಿಂದ, 1926ರಲ್ಲಿ. ತಮಾಷೆ ಅಂದರೆ, ಗಡಿಪಾರಾಗಿದ್ದ ಪ್ರೆಂಪೆ 1924ರಲ್ಲಿ ಸೇಶೆಲ್ಸ್‌ನಿಂದ ವಾಪಸಾದಾಗ ಅವನೂ ಕ್ರೈಸ್ತನೇ ಆಗಿದ್ದ. ಆದರೆ ಆಂಗ್ಲಿಕನ್! ಅವನಿಗಾಗಿ ಕಟ್ಟಿದ ಮನೆಯೇ ಈಗಿನ ಮನ್ಹಿಯಾ ಅರಮನೆ ಮ್ಯೂಸಿಯಂ. ಆರು ವಾರಕ್ಕೊಮ್ಮೆ ಭಾನುವಾರ ಅಲ್ಲಿ ಅಕ್ವಾಸಿಡೆ ದರ್ಬಾರು ನಡೆಯುತ್ತದೆ. ತಾರೀಕು ನೋಡಿಕೊಂಡು ಟಿಕೆಟ್ ಮಾಡಿ. ನನಗೆ ಒಂದು ವಾರದಲ್ಲಿ ತಪ್ಪಿತು.

ಕೊನೆಗೆ ಆಗೊಗೊ. ಕುಮಾಸಿಯಿಂದ ಪೂರ್ವಕ್ಕೆ ಸುಮಾರು ಎಂಬತ್ತು ಕಿಲೋಮೀಟರ್, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಎಷ್ಟೋ ಜನ ಬಿಟ್ಟುಬಿಡುತ್ತಾರೆ, ಬಿಡಬೇಡಿ. ವಾಪಸ್ ಬಂದ ಬಾಸೆಲ್‌ನವರು 1931ರಲ್ಲಿ ಇಲ್ಲಿ ಆಸ್ಪತ್ರೆ ಶುರು ಮಾಡಿದರು, ಹೆಣ್ಣುಮಕ್ಕಳ ಶಾಲೆಯನ್ನೂ. ಎರಡೂ ಇವತ್ತಿಗೂ ಸಭೆಯದ್ದೇ. ಮಾಮೆ ಹುಟ್ಟಿದ್ದು ಆ ಆಸ್ಪತ್ರೆಯಲ್ಲಿ, ಓದಿದ್ದು ಆ ಶಾಲೆಯಲ್ಲಿ. ನನ್ನ ಜೊತೆ ಅವರೂ ಬಂದಿದ್ದರು. ಹೆರಿಗೆ ವಾರ್ಡಿನ ಹೊರಗೆ ಬುಟ್ಟಿ, ಫ್ಲಾಸ್ಕು ಹಿಡಿದು ಕೂತ ಅಜ್ಜಿಯರನ್ನು ಮಾತಾಡಿಸುತ್ತಾ ನನ್ನನ್ನು ಮರೆತೇಬಿಟ್ಟರು. ಅಲ್ಲಿ ಫೋಟೋ ತೆಗೆಯಬೇಡಿ. ರೋಗಿಗಳಿರುವ ಜಾಗ.

ಮರಳುವಾಗ ಕುಮಾಸಿಯಿಂದ ಅಕ್ರಾಕ್ಕೆ ವಿಮಾನ ಹಿಡಿಯಿರಿ, ಮುಕ್ಕಾಲು ಗಂಟೆ. ಬಸ್ಸಿನಲ್ಲಾದರೆ ಐದಾರು ಗಂಟೆ, ಕೆಲವೊಮ್ಮೆ ಜಾಸ್ತಿ. ಹೊರಡುವ ದಿನ ಮಾಮೆ ಪೊಟ್ಟಣ ಕಟ್ಟಿಕೊಟ್ಟರು: ಕರಿದ ಬಾಳೆಕಾಯಿ ಚಿಪ್ಸ್. ಉಪ್ಪು ಸ್ವಲ್ಪ ಜಾಸ್ತಿ, ಬಾಕಿಯೆಲ್ಲ ನಮ್ಮೂರಿನದ್ದೇ. ಬೆಂಗಳೂರಿನಲ್ಲಿ ಇಳಿದಾಗ ಮೊದಲು ಕೇಳುವುದು ಆ ಹಳದಿ ಕಾರ್ಡ್. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ನಾನು ಅದನ್ನು ಚೀಲದ ತಳದಲ್ಲಿ, ಚಿಪ್ಸ್ ಪೊಟ್ಟಣದ ಕೆಳಗೆ ಹಾಕಿದ್ದೆ. ಎಣ್ಣೆ ಕಲೆ ಈಗಲೂ ಹಾಗೇ ಇದೆ.